ಎರಡಂಕೆಯ ವರ್ಷ

ನಮ್ಮ ಹಿರಿಯರು ತಮ್ಮ ಜನನಕಾಲವನ್ನು ಸಂವತ್ಸರದ ಹೆಸರಿನಿಂದ ಹೇಳುವುದುಂಟು. ‘ನಾನು ಪ್ರಭವ ಸಂವತ್ಸರದಲ್ಲಿ ಹುಟ್ಟಿದವನು’ ಎಂದೊಬ್ಬರು ಹೇಳಿದರೆ, ಅದು 1927ರಲ್ಲಿ ತೊಡಗಿದ ಪ್ರಭವವೋ 1987ರದೋ ಎಂಬುದು ಹೆಸರೊಂದರಿಂದಲೇ ತಿಳಿಯದು. ಅರುವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುವುದಷ್ಟೆ. ಹೇಳಿದವರ ನರೆಗೂದಲನ್ನು ನೋಡಿ ನಾವು ನಿರ್ಣಯಿಸುತ್ತೇವೆ. ಅನೇಕ ಶಾಸನಗಳಲ್ಲಿ ಸಂವತ್ಸರದೊಡನೆ ಶಕವರ್ಷದ ಸಂಖ್ಯೆಯೂ ಇರುವುದರಿಂದ ಅಲ್ಲಿ ಈ ತೊಡಕಿಲ್ಲ.

ಗಣಕಯಂತ್ರಕ್ಕೆ ನರೆಗೂದಲು ಕಾಣದು. ಅದರ ಸ್ಮೃತಿಕೋಶವು ಬಲು ದುಬಾರಿಯಾಗಿದ್ದ ಕಾಲದಲ್ಲಿ, ಸ್ಥಳದ ಮಿತವ್ಯಯಕ್ಕಾಗಿ 1965ನ್ನು 65 ಎಂದಷ್ಟೇ ಬರೆಯುವ ರೂಢಿ ಬಿದ್ದಿತು. 1965ರಲ್ಲಿ ಹುಟ್ಟಿದವರ ವಯಸ್ಸನ್ನು 1999ರಲ್ಲಿ ಕೇಳಿದರೆ 99ರಿಂದ 65ನ್ನು ಕಳೆದು ಯಂತ್ರವು 34 ಎನ್ನುತ್ತಿತ್ತು, ಸರಿಯೇ. ಮರುವರ್ಷ ಸೊನ್ನೆಯಿಂದ 65ನ್ನು ಕಳೆಯಬೇಕಾಯಿತು!

ಇಷ್ಟು ಸಣ್ಣ ಲೆಕ್ಕದಿಂದ ಹುಟ್ಟಿದ ಭೀತಿಯಾದರೋ ಸಣ್ಣದಲ್ಲ. 1999ರ ಡಿಸೆಂಬರ 31ರ ನಡುರಾತ್ರಿ ವಿಮಾನಗಳು ಬೀಳುವುವು, ವಿದ್ಯುತ್ತು ನಿಲ್ಲುವುದು, ಬ್ಯಾಂಕಿನ ಹಣ ಮಾಯವಾಗುವುದು ಎಂಬ ವದಂತಿ ಹಬ್ಬಿ, ಅಮೆರಿಕದಲ್ಲಿ ಕೆಲವರು ಆಹಾರವನ್ನೂ ನೀರನ್ನೂ ಕೂಡಿಟ್ಟರು. ರಾತ್ರಿ ಕಳೆಯಿತು, ದೀಪಗಳು ಉರಿಯುತ್ತಲೇ ಇದ್ದುವು. ಬೆಳಗಾಗುತ್ತಲೇ ‘ಎಲ್ಲವೂ ಕಟ್ಟುಕಥೆ’ ಎಂಬ ಮಾತು ಹೊರಟಿತು. ನಾವು ಇದನ್ನು ಒಪ್ಪಲಾರೆವು. ವರ್ಷಗಟ್ಟಲೆ ಸಾವಿರಾರು ಜನರು, ಅವರಲ್ಲಿ ನಮ್ಮ ದೇಶದ ತರುಣರೂ ಬಹುಮಂದಿ, ಹಳೆಯ ಆದೇಶಗಳನ್ನು ಸಾಲುಸಾಲಾಗಿ ಓದಿ ತಿದ್ದಿದ್ದರು.

ತಿದ್ದದೆ ಉಳಿದಲ್ಲಿ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಸ್ಪತ್ರೆಯೊಂದು ಸಾಕ್ಷಿ. ಗರ್ಭದಲ್ಲಿರುವ ಶಿಶುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವನ್ನು ಅಲ್ಲಿ ಯಂತ್ರವು ಗಣಿಸುತ್ತಿತ್ತು. ಆ ಸಂಭವವು ತಾಯಿಯ ವಯಸ್ಸಿನೊಡನೆ ಏರುವುದರಿಂದ ವಯಸ್ಸು ಈ ಗಣನೆಯ ಮುಖ್ಯ ಅಂಗ. 2000ದ ಜನವರಿಯಿಂದ ಮೇ ತಿಂಗಳವರೆಗೆ ಯಂತ್ರವು ವಯಸ್ಸನ್ನು ತಪ್ಪಾಗಿ ಎಣಿಸಿ, 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ಅಪಾಯವು ಕಡಿಮೆಯೆಂದು ತಿಳಿಸಿತು. ಅವರಲ್ಲಿ ನಾಲ್ವರ ಶಿಶುಗಳಿಗೆ ಆ ಸ್ಥಿತಿ ಇದ್ದಿತು. ಯಂತ್ರವು ನಿಂತುಹೋಗಿದ್ದರೆ ಯಾರಾದರೂ ಕೂಡಲೇ ವಿಚಾರಿಸುತ್ತಿದ್ದರು. ಅದು ನಿಲ್ಲದೆ ಉತ್ತರ ಕೊಡುತ್ತಲೇ ಹೋದುದೇ ಅನರ್ಥಕ್ಕೆ ಕಾರಣ. ಜಗತ್ತು ನಡುರಾತ್ರಿಯ ಗಡಿಯಾರವನ್ನೇ ನೋಡುತ್ತಿದ್ದಿತಲ್ಲದೆ ಇಂತಹ ಕೋಣೆಯತ್ತ ನೋಡಲಿಲ್ಲ.

ಯಾರೂ ಭಯಪಡದ ದಿನಗಳಲ್ಲಿಯೂ ಇಂತಹವು ನಡೆದಿವೆ. 2010ರ ಹೊಸವರ್ಷಕ್ಕೆ ಜರ್ಮನಿಯಲ್ಲಿ ಸುಮಾರು 3 ಕೋಟಿ ಬ್ಯಾಂಕ್ ಕಾರ್ಡುಗಳು ಹೊಸ ಇಸವಿಯನ್ನು ಓದಲಾರದೆ ಕೆಟ್ಟುವು.

ಮುಂದಿನದು 2038. ಅನೇಕ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಅರಿಯುತ್ತವೆ. 32 ದ್ವಿಮಾನ ಸ್ಥಾನಗಳಲ್ಲಿ ಈ ಎಣಿಕೆಯನ್ನಿಡುವ ಹಳೆಯ ಪದ್ಧತಿಯಲ್ಲಿ 2147483647ರ ಆಚೆಗೆ ಸ್ಥಳವಿಲ್ಲ. ಮರುಸೆಕೆಂಡಿಗೆ ಯಂತ್ರವು 1901ರ ಡಿಸೆಂಬರಕ್ಕೆ ಹಿಂದೆ ಜಿಗಿಯುವುದು. ಹೊಸ ಯಂತ್ರಗಳಲ್ಲಿ 64 ಸ್ಥಾನಗಳಿರುವುದರಿಂದ ಚಿಂತೆಯಿಲ್ಲ. ಕಾರ್ಖಾನೆಗಳಲ್ಲಿಯೂ ಉಪಕರಣಗಳ ಒಡಲಿನಲ್ಲಿಯೂ ಕುಳಿತ ಹಳೆಯವನ್ನು ಹುಡುಕಿ ತೆಗೆಯುವುದೇ ಕಷ್ಟ. ವಿದ್ಯಾರ್ಥಿಗಳು ಆ ಸಂಖ್ಯೆಯನ್ನು ಒಂದು ದಿನದ 86400 ಸೆಕೆಂಡುಗಳಿಂದ ಭಾಗಿಸಿ ನೋಡಲಿ: 24855 ದಿನಗಳು, ಶೇಷ 11647. ಅದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಶಾಲೆಗೆ ಹೊರಡುವ ಹೊತ್ತು.