ದತ್ತು ಮಗುವಿನೊಂದಿಗೆ ಬೊಗೋಟಾದಲ್ಲಿ ಒಂದು ತಿಂಗಳು

ಕೊಲಂಬಿಯಾದಿಂದ ಮಗುವನ್ನು ದತ್ತು ಪಡೆಯುವವರು ವಿಮಾನ ಇಳಿದು, ಸಹಿ ಹಾಕಿ, ಮಗುವಿನೊಂದಿಗೆ ಮರುದಿನವೇ ಹೊರಡುವಂತಿಲ್ಲ. ಮೊದಲ ಭೇಟಿ, ಹೊಂದಾಣಿಕೆಯ ದಿನಗಳು, ಕುಟುಂಬ ನ್ಯಾಯಾಲಯದ ತೀರ್ಪು, ಹೊಸ ಜನನ ನೋಂದಣಿ, ಪಾಸ್‌ಪೋರ್ಟ್, ವೀಸಾ ಎಲ್ಲ ಮುಗಿಯಲು ಸುಮಾರು ಒಂದು ತಿಂಗಳು ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಅಮೆರಿಕದಲ್ಲೋ ಯುರೋಪಿನಲ್ಲೋ ನೆಲೆಸಿದ ಕನ್ನಡಿಗ ದಂಪತಿ ಈ ದಾರಿ ಹಿಡಿದರೆ, ಆ ತಿಂಗಳ ಬಹುಪಾಲು ಕಾಯುವುದರಲ್ಲೇ ಹೋಗುತ್ತದೆ. ಕೋಣೆಯೊಳಗೇ ಕೂತು ಕಾದರೆ ಎಲ್ಲರಿಗೂ ಬೇಸರ. ಪ್ರವಾಸಿ ತಾಣಗಳ ಪಟ್ಟಿ ಹಿಡಿದು ಓಡಿದರೆ ಮಗು ಸುಸ್ತಾಗಿ ರಚ್ಚೆ ಹಿಡಿಯುತ್ತದೆ.

ಈ ಪ್ರವಾಸದಲ್ಲಿ ಅತಿಥಿಗಳು ನೀವು, ಮನೆಯವರು ಮಗು. ವಿದೇಶಿ ಕುಟುಂಬಗಳಿಗೆ ಕೊಲಂಬಿಯಾದಿಂದ ಬರುವ ಮಕ್ಕಳಲ್ಲಿ ಹೆಚ್ಚಿನವರು ಕೈಗೂಸುಗಳಲ್ಲ: ಶಾಲೆಗೆ ಹೋಗುವ ವಯಸ್ಸಿನವರು, ಒಟ್ಟಿಗೇ ದತ್ತು ಹೋಗುವ ಅಕ್ಕ-ತಮ್ಮಂದಿರು, ವಿಶೇಷ ಆರೈಕೆ ಬೇಕಾದವರು. ಕಾಲಿ, ಮೆಡೆಯೀನ್ ಮುಂತಾದ ಊರುಗಳಿಂದ ಬಂದ ಮಗುವಿಗೆ ರಾಜಧಾನಿ ಬೊಗೋಟಾ ಹೊಸದಿರಬಹುದು, ಆದರೆ ಇಲ್ಲಿನ ಮಾತು, ಊಟ, ಹಾಡು ಅದರವೇ. ಆದ್ದರಿಂದ ಊರು ತೋರಿಸುವ ಕೆಲಸವನ್ನು ಆದಷ್ಟೂ ಮಗುವಿಗೇ ಬಿಡಿ. ಅದಕ್ಕೆ ನೆರವಾಗುವ ಹಂತಗಳು ಇಲ್ಲಿವೆ.

1. ಟಿಕೆಟ್‌ಗೆ ಮುನ್ನ ಕ್ಯಾಲೆಂಡರ್ ನೋಡಿ

ಕೊಲಂಬಿಯಾದಲ್ಲಿ ದತ್ತು ಪ್ರಕ್ರಿಯೆಯ ಹೊಣೆ 1968ರಲ್ಲಿ ಸ್ಥಾಪನೆಯಾದ ಸರ್ಕಾರಿ ಕುಟುಂಬ ಕಲ್ಯಾಣ ಸಂಸ್ಥೆ ಐಸಿಬಿಎಫ್‌ನದು. ಮಗುವಿನೊಂದಿಗೆ ಕೆಲ ದಿನ ಕಳೆದ ಮೇಲೆ ಸಂಸ್ಥೆಯ ಒಪ್ಪಿಗೆ ಸಿಗುತ್ತದೆ. ಆಮೇಲೆ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಾರೆ. ಡಿಸೆಂಬರ್ 20ರಿಂದ ಜನವರಿ 10ರವರೆಗೆ ನ್ಯಾಯಾಲಯಗಳಿಗೆ ರಜೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲೂ ಕೆಲಸ ನಿಲ್ಲುತ್ತದೆ. ಸೋಮವಾರದ ಸಾರ್ವಜನಿಕ ರಜೆಗಳೂ ಬಹಳ. ಹಿಂತಿರುಗುವ ಟಿಕೆಟ್ ದಿನಾಂಕ ಬದಲಿಸಬಹುದಾದಂಥದ್ದೇ ಇರಲಿ. ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರು ಮಧ್ಯೆ ಹೊರಡಬಹುದೇ ಎಂಬುದನ್ನು ವಕೀಲರನ್ನು ಮೊದಲೇ ಕೇಳಿಡಿ. ಭಾರತದ ಪಾಸ್‌ಪೋರ್ಟ್ ಹೊಂದಿದವರು ತಮ್ಮ ಪ್ರವೇಶ ವೀಸಾದ ನಿಯಮವನ್ನು ಕೊಲಂಬಿಯಾದ ದೂತಾವಾಸದಲ್ಲಿ ಖಚಿತಪಡಿಸಿಕೊಳ್ಳಬೇಕು.

2. ಅಡುಗೆಮನೆ ಇರುವ ವಸತಿ ಹಿಡಿಯಿರಿ

ತಿಂಗಳಿಡೀ ಹೋಟೆಲ್ ಊಟ ಮಗುವಿಗೂ ಆಗದು, ಜೇಬಿಗೂ ಆಗದು. ಚಾಪಿನೇರೊ, ಚಿಕೋ, ಉಸಾಕೆನ್ ಬಡಾವಣೆಗಳಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟ್‌ಗಳು ಸಿಗುತ್ತವೆ. ಸಮೀಪದಲ್ಲಿ ಉದ್ಯಾನ, ತರಕಾರಿ ಅಂಗಡಿ ಇವೆಯೇ ಎಂದು ನೋಡಿ.

ದಾರಿ ತಪ್ಪದಿರಲು ಒಂದು ಸೂತ್ರವಿದೆ. ಬೆಟ್ಟದ ಸಾಲು ಯಾವಾಗಲೂ ಊರಿನ ಪೂರ್ವಕ್ಕೆ. 'ಕಾಯೆ' ಎನ್ನುವ ರಸ್ತೆಗಳು ಪೂರ್ವ-ಪಶ್ಚಿಮವಾಗಿ ಸಾಗುತ್ತವೆ. ಉತ್ತರಕ್ಕೆ ಹೋದಂತೆ ಅವುಗಳ ಸಂಖ್ಯೆ ಏರುತ್ತದೆ. 'ಕರೇರಾ' ರಸ್ತೆಗಳದು ಉತ್ತರ-ದಕ್ಷಿಣ. ಬೆಟ್ಟದಿಂದ ಪಶ್ಚಿಮಕ್ಕೆ ಸರಿದಂತೆ ಅವುಗಳ ಸಂಖ್ಯೆ ಹೆಚ್ಚುತ್ತದೆ. ಎಣಿಸಲು ಬಲ್ಲ ಮಗುವಿಗೆ ಇದನ್ನೇ ಆಟ ಮಾಡಿ: ಮನೆಯ ರಸ್ತೆ ಹುಡುಕುವ ಕೆಲಸ ಅದಕ್ಕೇ ಕೊಡಿ.

3. ಮೊದಲ ವಾರ ಪ್ರವಾಸ ಬೇಡ

ಬೊಗೋಟಾ ಇರುವುದು ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ 600 ಮೀಟರಿಗೂ ಮೇಲೆ. ಮೊದಲೆರಡು ದಿನ ತಲೆನೋವು, ಏದುಸಿರು, ನಿದ್ದೆ ಬಾರದಿರುವುದು ಸಾಮಾನ್ಯ. ನೀರು ಹೆಚ್ಚು ಕುಡಿಯಿರಿ, ಊಟ ಹಿತಮಿತವಾಗಿರಲಿ, ಮದ್ಯ ಬೇಡ. ತಗ್ಗು ಪ್ರದೇಶದಿಂದ ಬಂದ ಮಗುವಿಗೂ ಇದೇ ಎಚ್ಚರಿಕೆ ಅನ್ವಯ. ಬೆಳಗ್ಗೆ ಸ್ವೆಟರ್ ಬೇಕಾಗುವಷ್ಟು ಚಳಿ, ಮಧ್ಯಾಹ್ನ ಮೈ ಸುಡುವ ಬಿಸಿಲು, ಸಂಜೆಗೆ ಮಳೆ, ಎಲ್ಲವೂ ಒಂದೇ ದಿನ ಆಗಬಹುದು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಮಳೆ ಹೆಚ್ಚು.

ಈ ವಾರ ದಿನಕ್ಕೊಮ್ಮೆ ಅದೇ ಉದ್ಯಾನ, ಅದೇ ಬೇಕರಿ, ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ. ನಾಳೆ ಏನಾಗುತ್ತದೆ ಎಂದು ಮಗುವಿಗೆ ಗೊತ್ತಿದ್ದಷ್ಟೂ ಭಯ ಇಳಿಯುತ್ತದೆ. ಅದು ತಂದ ಬಟ್ಟೆ, ಹೊದಿಕೆಗಳನ್ನು ತಕ್ಷಣ ಒಗೆಯಬೇಡಿ. ಹಳೆಯ ಮನೆಯ ವಾಸನೆ ಕೆಲ ದಿನ ಜೊತೆಗಿರಲಿ.

ಊರಿನ ನೆಂಟರ ವಿಡಿಯೊ ಕರೆಗಳಿಗೂ ಒಂದು ವಾರ ತಡೆ ಹಾಕಿ. ಭಾರತದ ಗಡಿಯಾರ ಬೊಗೋಟಾಕ್ಕಿಂತ ಹತ್ತೂವರೆ ಗಂಟೆ ಮುಂದಿದೆ. ಆ ವಾರ ಕಳೆದ ಮೇಲೆ ಬೊಗೋಟಾದ ಬೆಳಗ್ಗೆ ಎಂಟಕ್ಕೆ ಕರೆ ಮಾಡಿದರೆ ದಾವಣಗೆರೆಯ ಅಜ್ಜಿಗೆ ಸಂಜೆ ಆರೂವರೆ. ಇಬ್ಬರಿಗೂ ಎಚ್ಚರದ ಹೊತ್ತು. ಒಂದು ಸಲಕ್ಕೆ ಒಬ್ಬರೇ ಹಿರಿಯರು, ಐದು ನಿಮಿಷ ಸಾಕು.

4. ಹತ್ತಿಪ್ಪತ್ತು ಸ್ಪ್ಯಾನಿಷ್ ಮಾತು ಕಲಿತು ಹೋಗಿ

ದುಭಾಷಿ ನ್ಯಾಯಾಲಯಕ್ಕೆ ಬರುತ್ತಾರೆ, ರಾತ್ರಿ ಎರಡು ಗಂಟೆಗೆ ಬರುವುದಿಲ್ಲ. ಹಸಿವಾಗಿದೆಯಾ ಎನ್ನಲು 'ತಿಯೆನೆಸ್ ಆಂಬ್ರೆ', ಚಳಿಯಾ ಎನ್ನಲು 'ತಿಯೆನೆಸ್ ಫ್ರಿಯೊ', ನೋಯುತ್ತಿದೆಯಾ ಎನ್ನಲು 'ತೆ ದುಯೆಲೆ', ಶೌಚಾಲಯಕ್ಕೆ 'ಬಾನ್ಯೊ'. ಹೊರಗೆ ಹೊರಡುವಾಗಲೆಲ್ಲ 'ವಾಮೋಸ್ ಇ ವೊಲ್ವೇಮೋಸ್', ಹೋಗಿ ವಾಪಸ್ ಬರುತ್ತೇವೆ, ಎಂದು ತಪ್ಪದೆ ಹೇಳಿ. ಮನೆಯಿಂದ ಮನೆಗೆ ಬದಲಾದ ಮಗುವಿಗೆ ಚೀಲ ಕೈಗೆತ್ತಿಕೊಂಡರೆ ಸಾಕು, ಮತ್ತೆಲ್ಲಿಗೋ ಕಳಿಸುತ್ತಾರೆ ಎಂಬ ಅಂಜಿಕೆ ಹುಟ್ಟಬಹುದು. ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು 'ಕೋಮೊ ಸೆ ಯಾಮಾ ಎಸ್ತೊ', ಇದಕ್ಕೇನಂತಾರೆ ಎಂಬ ಪ್ರಶ್ನೆ. ದಿನವಿಡೀ ಕೇಳಿ. ಮಗು ಮೇಷ್ಟ್ರಾಗುತ್ತದೆ, ನಿಮ್ಮ ಉಚ್ಚಾರ ಕೇಳಿ ನಗುತ್ತದೆ. ಹತ್ತಿರವಾಗಲು ಅದಕ್ಕಿಂತ ಸುಲಭದ ದಾರಿಯಿಲ್ಲ.

5. ಊಟದಲ್ಲಿ ಮಗುವಿನ ರುಚಿ ಮೊದಲು

ಅಕ್ಕಿಯ ಅನ್ನ, ಲೆಂತೇಹಾಸ್ ಎಂಬ ಬೇಳೆಸಾರು, ಬೇಯಿಸಿದ ಕಾಳು, ಕರಿದ ಬಾಳೆಕಾಯಿ ಕೊಲಂಬಿಯಾದ ಮನೆಗಳ ದಿನನಿತ್ಯದ ಊಟ. ನಮ್ಮವರಿಗೆ ಇದರಲ್ಲಿ ಹೊಸದೇನೂ ಇಲ್ಲ; ಖಾರ ಮಾತ್ರ ಕಡಿಮೆ. ಮೊದಲ ದಿನಗಳಲ್ಲಿ ಒಗ್ಗರಣೆ, ಸಾರಿನಪುಡಿ ನಿಮ್ಮ ತಟ್ಟೆಗಷ್ಟೇ ಇರಲಿ. ಅಲ್ಲಿಯ ಬೆಲ್ಲಕ್ಕೆ ಪನೇಲಾ ಎನ್ನುತ್ತಾರೆ. ಅದನ್ನು ಬಿಸಿನೀರಲ್ಲಿ ಕರಗಿಸಿ ಮಾಡುವ ಅಗ್ವಾಪನೇಲಾ ಚಳಿಯ ಸಂಜೆಗೆ ಹಿತ. ಮೆಕ್ಕೆಜೋಳದ ರೊಟ್ಟಿ ಅರೇಪಾ ಬೀದಿಬೀದಿಯಲ್ಲಿ ಸಿಗುತ್ತದೆ.

ಊರಿನ ಹೆಸರಾಂತ ಸೂಪ್ ಅಹಿಯಾಕೊ. ಬಗೆಬಗೆಯ ಆಲೂಗಡ್ಡೆ, ಜೋಳದ ತೆನೆ, ಕೋಳಿಮಾಂಸ, ಗ್ವಾಸ್ಕಾಸ್ ಸೊಪ್ಪು ಹಾಕಿ ಕುದಿಸುತ್ತಾರೆ. ಸಸ್ಯಾಹಾರಿಗಳು ಬರೀ ಮಾಂಸ ಬೇಡವೆಂದರೆ ಸಾಲದು. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ' ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ, ಸೂಪಿನ ನೀರು ಯಾವುದೆಂದೂ ಕೇಳಿ. ಬೊಗೋಟಾದ ನಲ್ಲಿ ನೀರು ಕುಡಿಯಲು ಯೋಗ್ಯ. ಸುತ್ತಲ ಊರುಗಳಲ್ಲಿ ಬಾಟಲಿ ನೀರು ಕೊಳ್ಳಿ.

6. ದಿನಕ್ಕೆ ಒಂದೇ ಜಾಗ, ಅರ್ಧ ದಿನ ಸಾಕು

ಸುಲಭದಿಂದ ಕಷ್ಟದ ಕಡೆಗೆ ಈ ಕ್ರಮ ಅನುಸರಿಸಬಹುದು.

* ಸಿಮೋನ್ ಬೊಲಿವಾರ್ ಉದ್ಯಾನ: ವಿಶಾಲ ಹುಲ್ಲುಹಾಸು, ಕೆರೆ. ಆಗಸ್ಟ್ ಗಾಳಿಯ ತಿಂಗಳು. ಗಾಳಿಪಟ ಹಾರಿಸಲು ಊರಿಗೆ ಊರೇ ಬರುತ್ತದೆ. ಸನಿಹದಲ್ಲೇ ಸಸ್ಯೋದ್ಯಾನವೂ, ವಾಸ್ತುಶಿಲ್ಪಿ ರೊಹೇಲಿಯೊ ಸಾಲ್ಮೋನಾ ಕಟ್ಟಿದ ವಿರ್ಹಿಲಿಯೊ ಬಾರ್ಕೊ ಸಾರ್ವಜನಿಕ ಗ್ರಂಥಾಲಯವೂ ಇವೆ. ಮಳೆ ಬಂದರೆ ಒಳಗೆ ಸೇರಿಕೊಳ್ಳಿ.
* ಸಿಕ್ಲೊವಿಯಾ: 1974ರಲ್ಲಿ ಆರಂಭವಾದ ವ್ಯವಸ್ಥೆ. ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರಿಗೂ ಹೆಚ್ಚು ರಸ್ತೆ ವಾಹನಗಳಿಗೆ ಬಂದ್, ಸೈಕಲ್‌ಗೂ ಕಾಲ್ನಡಿಗೆಗೂ ಮುಕ್ತ. ಖರ್ಚಿಲ್ಲ, ಟಿಕೆಟ್ ಇಲ್ಲ, ಸಾಕೆನಿಸಿದಾಗ ಮನೆಗೆ ಬರಬಹುದು.
* ಪಾಲೊಕೆಮಾವೊ ಮಾರುಕಟ್ಟೆ: ಹೂವು, ಹಣ್ಣುಗಳ ರಾಶಿ. ಬೆಳಗ್ಗೆ ಬೇಗ ಹೋಗಿ. ಲುಲೊ, ಗ್ರಾನಾದಿಯಾ, ಉಚುವಾ ಹಣ್ಣುಗಳಲ್ಲಿ ಯಾವುದು ಕೊಳ್ಳಬೇಕೆಂದು ಮಗುವೇ ಆರಿಸಲಿ.
* ಬೊಟೇರೊ ಮ್ಯೂಸಿಯಂ: ಕಲಾವಿದ ಫೆರ್ನಾಂಡೊ ಬೊಟೇರೊ ದಾನ ಕೊಟ್ಟ ಸಂಗ್ರಹ. ಪ್ರವೇಶ ಉಚಿತ, ಮಂಗಳವಾರ ರಜೆ. ಗುಂಡುಗುಂಡಾದ ಮೋನಾಲಿಸಾಳನ್ನು ಕಂಡು ಮಕ್ಕಳು ನಗಲು ಯಾವ ಭಾಷೆಯೂ ಬೇಡ.
* ಚಿನ್ನದ ಮ್ಯೂಸಿಯಂ: ಇಲ್ಲಿನ ಮೂಲನಿವಾಸಿ ಮುಯಿಸ್ಕಾ ಜನರ ಚಿನ್ನದ ತೆಪ್ಪ ಇಲ್ಲಿದೆ, ಎಲ್ ಡೊರಾಡೊ ಎಂಬ ಚಿನ್ನದ ದಂತಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೋಮವಾರ ರಜೆ.
* ಮೊನ್ಸೆರಾತೆ ಬೆಟ್ಟ: 3,152 ಮೀಟರ್. ಕೇಬಲ್ ಕಾರ್ ಅಥವಾ ಹಳಿಗಾಡಿಯಲ್ಲಿ ಹತ್ತಬಹುದು. ಎತ್ತರಕ್ಕೆ ಮೈ ಒಗ್ಗಿದ ಮೇಲೆ, ಅದೂ ವಾರದ ದಿನ ಹೋಗಿ. ಭಾನುವಾರ ಭಕ್ತರ ಸಾಲು ಉದ್ದ.
* ಸಿಪಾಕಿರಾ ಉಪ್ಪಿನ ಚರ್ಚ್: ಉತ್ತರಕ್ಕೆ ಸುಮಾರು 50 ಕಿಲೋಮೀಟರ್, ಉಪ್ಪಿನ ಗಣಿಯೊಳಗೆ ಕೊರೆದದ್ದು. ಕತ್ತಲೆಗೆ ಅಂಜುವ ಮಗುವನ್ನು ಒತ್ತಾಯಿಸಬೇಡಿ. ಹೊರಗಿನ ಪಟ್ಟಣದ ಚೌಕವೇ ಚೆಂದ.

ಯಾವ ಜಾಗದಲ್ಲಾದರೂ ಮಗು ಮಾತು ನಿಲ್ಲಿಸಿದರೆ, ಕಾರಣವಿಲ್ಲದೆ ಹಟ ಹಿಡಿದರೆ, ಅದಕ್ಕೆ ಸಾಕಾಗಿದೆ ಎಂದೇ ತಿಳಿದು ಹಿಂತಿರುಗಿ.

7. ಓಡಾಟದಲ್ಲಿ ಎಚ್ಚರ

2000ರಲ್ಲಿ ಶುರುವಾದ ಟ್ರಾನ್ಸ್‌ಮಿಲೇನಿಯೊ ಬಸ್ ಅಗ್ಗ, ಆದರೆ ಕಚೇರಿ ಹೊತ್ತಿನಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ನೂಕುನುಗ್ಗಲು, ಜೇಬುಗಳ್ಳರ ಕಾಟ. ಮಗುವಿನೊಂದಿಗೆ ಆ್ಯಪ್ ಮೂಲಕ ಕರೆಸಿದ ಟ್ಯಾಕ್ಸಿಯೇ ಲೇಸು. ರಸ್ತೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಚಿನ್ನದ ಸರ ಊರಲ್ಲೇ ಇರಲಿ. ಹಳೆ ಪಟ್ಟಣ ಲಾ ಕಾಂದೆಲಾರಿಯಾಕ್ಕೆ ಹಗಲಲ್ಲಿ ಹೋಗಿ, ಕತ್ತಲಾಗುವ ಮುನ್ನ ಹೊರಡಿ. ತೀರ್ಪು ಕೈಗೆ ಬರುವವರೆಗೆ ಮಗುವಿನ ಫೋಟೊವನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ.

ಚೀಲದಲ್ಲಿ ಸದಾ ಇರಲಿ: ಮಗು ನಿಮ್ಮ ವಶದಲ್ಲಿರುವ ಬಗ್ಗೆ ಐಸಿಬಿಎಫ್ ಕೊಟ್ಟ ಪತ್ರದ ಪ್ರತಿ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ವಕೀಲರ ಫೋನ್ ಸಂಖ್ಯೆ ಬರೆದ ಚೀಟಿ, ಕೊಡೆ, ಸನ್‌ಸ್ಕ್ರೀನ್, ತಿಂಡಿ, ಬದಲಿ ಬಟ್ಟೆ. ತುರ್ತು ಕರೆಗೆ 123. ಮಕ್ಕಳ ವಿಷಯಕ್ಕೆ ಐಸಿಬಿಎಫ್ ಸಹಾಯವಾಣಿ 141.

8. ಮಗುವಿನ ಪಾಲಿನದನ್ನು ಕೂಡಿಡಿ

ಕೊಲಂಬಿಯಾದ 2006ರ ಮಕ್ಕಳ ಸಂಹಿತೆಯ ಪ್ರಕಾರ ತನ್ನ ಮೂಲ ಕುಟುಂಬವನ್ನು ತಿಳಿಯುವುದು ದತ್ತು ಹೋದವರ ಹಕ್ಕು. ಮುಂದೊಂದು ದಿನ ಪ್ರಶ್ನೆಗಳು ಬಂದೇ ಬರುತ್ತವೆ. ಉತ್ತರಕ್ಕೆ ಬೇಕಾದ್ದನ್ನು ಕೂಡಿಸಲು ಈ ತಿಂಗಳಿಗಿಂತ ಒಳ್ಳೆಯ ಸಮಯ ಸಿಗದು. ಸಾಕಿದ ತಾಯಿ, ಶಿಕ್ಷಕರು, ಆಡಿದ ಗೆಳೆಯರ ಫೋಟೊಗಳಿಗೆ ಅನುಮತಿ ಕೇಳಿ. ಮಗುವಿಗೆ ಯಾವ ಜೋಗುಳ ಹಾಡುತ್ತಿದ್ದರು, ಯಾವ ಕಾಯಿಲೆ ಬಂದಿತ್ತು, ಯಾವುದಕ್ಕೆ ಹೆದರುತ್ತದೆ ಎಂದು ವಿಚಾರಿಸಿ ಬರೆದುಕೊಳ್ಳಿ. ಎಲ್ಲ ದಾಖಲೆಗಳ ಎರಡೆರಡು ಪ್ರತಿ ಮಾಡಿಸಿ. ಸ್ಪ್ಯಾನಿಷ್ ಮಕ್ಕಳ ಪುಸ್ತಕಗಳನ್ನೂ ಪನೇಲಾವನ್ನೂ ಸೂಟ್‌ಕೇಸಿಗೆ ಹಾಕಿ. ಹೊಸ ಮನೆಯ ಸುತ್ತ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು, ತರಗತಿಗಳು ಎಲ್ಲಿವೆ ಎಂದು ಈಗಲೇ ಹುಡುಕಿಡಿ. ಮನೆಯಲ್ಲಿ ಬಳಸುವವರಿಲ್ಲದಿದ್ದರೆ ಮಗು ತನ್ನ ಮಾತನ್ನು ಬಹುಬೇಗ ಮರೆಯುತ್ತದೆ. ಕನ್ನಡ ಕಲಿಸುವ ಉತ್ಸಾಹದಲ್ಲಿ ಅದನ್ನು ಕಳೆಯಬೇಡಿ. ಎರಡಕ್ಕೂ ಮನೆಯಲ್ಲಿ ಜಾಗವಿರಲಿ.