ತೋಟಕ್ಕೆ ತಂದ ಸುಣ್ಣ, ಮನೆಗೆ ಬಂದ ಬಣ್ಣ

ಕಾಫಿ ಬೆಳೆಯುವ ಮನೆಗೆ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ, ರೋಬಸ್ಟಾ ಮುಗಿದು ಕಣ ಖಾಲಿಯಾಗುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಆ ದುಡ್ಡಿನ ಮೇಲೆ ಮೊದಲ ಹಕ್ಕು ಬ್ಯಾಂಕು, ಸೊಸೈಟಿಗಳ ಬೆಳೆಸಾಲದ್ದು. ಆಮೇಲೆ ಗೊಬ್ಬರ, ಮರಗಸಿ ಕೂಲಿ, ಮಕ್ಕಳ ಫೀಸು. ಮನೆಯ ಅಂದಚಂದದ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. 2001-02ರಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಮೂಡಿಗೆರೆ, ಕಳಸದ ಕಡೆ ಎಷ್ಟೋ ಮನೆಗಳಲ್ಲಿ ಆ ಸರದಿ ಬರಲೇ ಇಲ್ಲ. 2024ರಿಂದೀಚೆಗೆ ಗಾಳಿ ತಿರುಗಿದೆ. ದಾಖಲೆ ಬೆಲೆ ಕಂಡ ಮನೆಗಳು ಒಂದೊಂದಾಗಿ ಬಣ್ಣ ಬದಲಿಸುತ್ತಿವೆ. ಕೊಟ್ಟಿಗೆಹಾರದಿಂದ ಕಳಸದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತರೆ ಸಾಕು, ಬೂದು ಗೋಡೆ, ಹೊಳೆಯುವ ಟೈಲ್ಸು, ಹೆಂಚು ತೆಗೆದು ಹೊದಿಸಿದ ಶೀಟು ಸಾಲುಸಾಲಾಗಿ ಕಾಣುತ್ತವೆ.

ಮನೆ ಚೆಂದ ಮಾಡಿಕೊಳ್ಳುವುದರಲ್ಲಿ ನನಗೆ ಬಹಳ ಆಸೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮನೆಯೊಳಗೇ ಇರಬೇಕಾದ ನಮ್ಮಂಥ ಊರುಗಳಲ್ಲಿ ಗೋಡೆಗೆ ಬಣ್ಣ ಬೇಕು, ಜಗುಲಿಗೆ ಬೆಳಕು ಬೇಕು, ಕಣ್ಣಿಗೆ ಹಿತವಾಗಿರುವುದು ಏನಾದರೂ ಬೇಕೇ ಬೇಕು. ಹಾಗಂತ ಬೆಲೆ ಏರಿದ ವರ್ಷ ಮೈಮರೆತು ಸುರಿದು, ಇಳಿದ ವರ್ಷ ಬಾಗಿಲಿನ ಚಿಲಕಕ್ಕೂ ಕೈ ಬಿಗಿಹಿಡಿಯುವುದು ನನಗೆ ಒಗ್ಗದು. ಕಾಫಿ ಮಾರಿದ ವಾರವೇ ಮನೆಯ ಅಂದಕ್ಕೆಂದು 25 ಸಾವಿರ ರೂಪಾಯಿ ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಚೀಲಕ್ಕೆ ಎಷ್ಟೇ ರೇಟು ಬಂದರೂ ಈ ಮೊತ್ತ ಹೆಚ್ಚಾಗುವುದಿಲ್ಲ. ಇದಕ್ಕಾಗಿ ಸಾಲವಿಲ್ಲ, ಕಾಫಿ ವ್ಯಾಪಾರಿಯ ಹತ್ತಿರ ಅಡ್ವಾನ್ಸಿಲ್ಲ, ಕಂತಿನ ಮೇಲೆ ಸೋಫಾ ಇಲ್ಲ. ನಮ್ಮದು ಜಂಬಿಟ್ಟಿಗೆ ಗೋಡೆಯ, ಹೆಂಚಿನ ಹಳೇ ಮನೆ. ಅಷ್ಟು ದುಡ್ಡು ಅದಕ್ಕೆ ಧಾರಾಳ ಸಾಕು.

ಆ ದುಡ್ಡಿನಲ್ಲಿ ಮೊದಲು ಹೋಗುವುದು ಮಾಡಿಗೆ, ಸುಮಾರು 10 ಸಾವಿರ. ಏಪ್ರಿಲ್‌ನಲ್ಲಿ ಹೆಂಚು ಕೈಯಾಡಿಸಿ, ಪಾಚಿ ತೊಳೆಸಿ, ಒಡೆದದ್ದನ್ನು ಬದಲಿಸಬೇಕು. ಗೆದ್ದಲು ಹಿಡಿದ ರೀಪು ತೆಗೆಸಿ, ಉಳಿದ ಮರಕ್ಕೆ ಗೇರೆಣ್ಣೆ ಬಳಿಸಬೇಕು. ಇದು ಅಲಂಕಾರದ ಲೆಕ್ಕಕ್ಕೆ ಹೇಗೆ ಬಂತು ಎಂದು ಕೇಳುವವರಿದ್ದಾರೆ. ಸೂರು ಸೋರುವ ಮನೆಯ ಗೋಡೆಗೆ ಎಂಥ ಬಣ್ಣ ಹಚ್ಚಿದರೂ ಅದು ಮಳೆಗೆ ಹಾಕಿದ ದುಡ್ಡೇ. ಬೇರೆ ಹೆಂಚು ಬೇಕಾದರೆ ಹೊಸದೇ ಆಗಬೇಕೆಂದಿಲ್ಲ, ಕೆಡವಿದ ಹಳೇ ಮನೆಗಳ ಹೆಂಚು ಅಗ್ಗಕ್ಕೆ ಸಿಗುತ್ತದೆ. ಅಟ್ಟ ಹತ್ತಿ ಒಳಮೈ ನೋಡಿ, ಮಾಡಿದ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು ಅದು. ಸರಿಯಾಗಿ ಸುಟ್ಟ ಹೆಂಚು ತಲೆಮಾರುಗಟ್ಟಲೆ ಬಾಳುತ್ತದೆ. ಅಂಥದ್ದನ್ನು ಇಳಿಸಿ ಶೀಟು ಹೊದಿಸಿದರೆ ಮಳೆ ಬಿದ್ದಾಗ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ.

ಹೆಂಚು ಕೈಯಾಡಿಸುವ ದಿನವೇ ನಾಲ್ಕಾರು ಗಾಜಿನ ಹೆಂಚು ಕೂರಿಸಿಕೊಳ್ಳಿ. ಒಂದಕ್ಕೆ ಕೆಲವೇ ನೂರು ರೂಪಾಯಿ. ನಡುಮನೆಯ ಮೂಲೆಗೆ ಹಗಲು ಬೆಳಕು ಬಿತ್ತೆಂದರೆ ಅರ್ಧ ಅಲಂಕಾರ ಆದ ಹಾಗೆ, ಜುಲೈ ತಿಂಗಳ ಕರೆಂಟು ಬಿಲ್ಲೂ ಕಡಿಮೆ.

ಇನ್ನು ಗೋಡೆ. ಹೆಚ್ಚು ದುಡ್ಡು ಸೋರುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪುಟ್ಟಿ, ಪ್ರೈಮರು, ಎರಡು ಕೋಟು ಎಮಲ್ಷನ್ ಎಂದು ಪೇಂಟರು ನಮ್ಮ ಮನೆಗೆ ಬರೆದುಕೊಟ್ಟ ಅಂದಾಜು 70 ಸಾವಿರ. ಎಂಟು ವರ್ಷ ಬಾಳಿದರೆ ಅದೇನೂ ದುಬಾರಿಯಲ್ಲ, ವರ್ಷಕ್ಕೆ 9 ಸಾವಿರಕ್ಕಿಂತ ಕಡಿಮೆ ಬೀಳುತ್ತದೆ. ಹೊಸ ಮನೆ, ತಳಪಾಯದಿಂದ ಶೀತ ಏರದ ಹಾಗೆ ಕಟ್ಟಿದ ಗೋಡೆ, ಅಗಲವಾದ ಸೂರು ಇದ್ದರೆ ಧೈರ್ಯವಾಗಿ ಹಚ್ಚಿಸಿ, ನಾನು ಬೇಡ ಎನ್ನುವುದಿಲ್ಲ. ಆದರೆ ಹಳೇ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳು ಮಳೆಗಾಲವಿಡೀ ನೀರು ಕುಡಿಯುತ್ತವೆ, ಬೇಸಿಗೆಯಲ್ಲಿ ಅದನ್ನು ಹೊರಗೆ ಬಿಡುತ್ತವೆ. ಮೇಲೊಂದು ಪ್ಲಾಸ್ಟಿಕ್ ಪದರ ಕೂತರೆ ನೀರಿಗೆ ಹೊರದಾರಿ ಇಲ್ಲ. ಬಣ್ಣ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಹಾಳೆಹಾಳೆಯಾಗಿ ಕಿತ್ತು ಬರುತ್ತದೆ, ಹಿಂದೆಯೇ ಕಪ್ಪು ಬೂಷ್ಟು. ಎಂಟು ವರ್ಷದ ಲೆಕ್ಕ ಮೂರನೇ ಮಳೆಗಾಲಕ್ಕೇ ತಲೆಕೆಳಗಾಗುವುದನ್ನು ನಮ್ಮ ಬಂಧುಗಳ ಮನೆಗಳಲ್ಲೇ ಕಂಡಿದ್ದೇನೆ.

ಸುಣ್ಣಕ್ಕೆ ಆ ತೊಂದರೆ ಇಲ್ಲ. ನೀರಲ್ಲಿ ಅರಳಿದ ಸುಣ್ಣ ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಗೋಡೆಯ ಉಸಿರು ಕಟ್ಟುವುದಿಲ್ಲ. ಕ್ಷಾರದ ಗುಣ ಇರುವುದರಿಂದ ಬೂಷ್ಟು ಬೇಗ ಹತ್ತುವುದಿಲ್ಲ. ಮುಖ್ಯವಾದ ಇನ್ನೊಂದು ಮಾತು: ನಮ್ಮ ಊರುಗಳಲ್ಲಿ ಸುಣ್ಣವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದು ಗೋಡೌನಿನಲ್ಲೇ ಇದೆ. ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಕಲಸಲು ಮೈಲುತುತ್ತದ ಜೊತೆ ಸ್ಪ್ರೇ ಸುಣ್ಣ ಬಂದೇ ಬರುತ್ತದೆ. ಬಿಳಿ ಕಾಂಡಕೊರಕ ಮೊಟ್ಟೆ ಇಡದಿರಲೆಂದು ಅರೇಬಿಕಾ ಗಿಡದ ಕಾಂಡಕ್ಕೆ ಶೇಕಡಾ 10ರ ಸುಣ್ಣದ ನೀರು ಹಚ್ಚಿ ಎಂದು ಕಾಫಿ ಮಂಡಳಿಯೇ ಹೇಳುತ್ತದೆ. ಗಿಡಕ್ಕೆ ಹಚ್ಚುವ ಅದೇ ಸುಣ್ಣವನ್ನು, ಅದಕ್ಕೆ ಬೆರೆಸುವ ಅಂಟನ್ನೇ ಬೆರೆಸಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಕಲಸಿದರೆ ಗೋಡೆಗೆ ಸಿದ್ಧ. ಮಣ್ಣಿನ ಹುಳಿ ತೆಗೆಯಲು ಎರಚುವ ಡಾಲಮೈಟ್ ಪುಡಿ ಮಾತ್ರ ಇದಕ್ಕೆ ಆಗದು, ಅದು ಗೋಡೆ ಹಿಡಿಯುವುದಿಲ್ಲ.

ನಾವು ಮಾಡುವ ಕ್ರಮ ಹೀಗಿದೆ. ಸುಣ್ಣವನ್ನು ಡ್ರಮ್ಮಿನ ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ಹಳೇ ಪಂಚೆಯಲ್ಲಿ ಸೋಸುತ್ತೇವೆ. ಕಲ್ಲುಸುಣ್ಣವಾದರೆ ಎಚ್ಚರ ಬೇಕು: ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕುದ್ದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ. ಗೋಡೆ ಕೆರೆದು, ಗುಡಿಸಿ, ನೀರು ಚಿಮುಕಿಸಿ, ಒದ್ದೆ ಗೋಡೆಯ ಮೇಲೇ ಹಾಲಿನಷ್ಟು ತೆಳ್ಳಗೆ ಮೊದಲ ಕೋಟು ಹೊಡೆಯಬೇಕು. ಹೊಡೆದಾಗ ಗೋಡೆ ಏನೂ ಕಾಣದ ಹಾಗೆ ಮಂಕಾಗಿರುತ್ತದೆ, ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಇನ್ನೂ ಎರಡು ಕೋಟು ತೆಳ್ಳಗೇ ಹೊಡೆಯಬೇಕು. ಒಂದೇ ಸಲ ದಪ್ಪ ಹಚ್ಚಿದರೆ ಸಿಪ್ಪೆಯೇಳುತ್ತದೆ. ಈಗಾಗಲೇ ಎಮಲ್ಷನ್ ಅಥವಾ ಡಿಸ್ಟೆಂಪರ್ ಇರುವ ಗೋಡೆಗೆ ಸುಣ್ಣ ಹಿಡಿಯದು, ಪೂರ್ತಿ ಕೆರೆಸಲೇಬೇಕು.

“ಸುಣ್ಣ ಬಟ್ಟೆಗೆ ಹತ್ತುತ್ತೆ ಕಣಕ್ಕ, ಮನೆಗೆ ಬಂದವರು ಏನಂದ್ಕೋತಾರೆ?” ಎಂದು ಪೇಂಟರು ಕೇಳಿದ. ನಿಜವಾದ ದೂರು. ಅದಕ್ಕೇ ಒಳಗೋಡೆಯ ಕೆಳಭಾಗಕ್ಕೆ, ಬೆಂಚಿಗೆ ಒರಗಿದರೆ ಬೆನ್ನು ತಾಗುವಷ್ಟು ಎತ್ತರದವರೆಗೆ, ಕಾವಿ ಬಣ್ಣದ ಆಯಿಲ್ ಪೇಂಟು ಹೊಡೆಸಿದೆವು. ಹೊರಗೋಡೆಯಲ್ಲೂ ಕೆಳಗೆ ಮೊಣಕಾಲೆತ್ತರಕ್ಕೆ ರೆಡ್ ಆಕ್ಸೈಡಿನ ಪಟ್ಟಿ ಇದೆ. ನಮ್ಮತ್ತೆ ಅದನ್ನು ಕೆಮ್ಮಣ್ಣಿನಲ್ಲಿ ಬಳಿಯುತ್ತಿದ್ದರು. ಚೆಂದಕ್ಕೆ ಎಂದುಕೊಂಡಿದ್ದೆ. “ಹೆಂಚಿನ ನೀರು ಅಂಗಳಕ್ಕೆ ಬಿದ್ದು ಕೆಸರು ಎಲ್ಲಿವರೆಗೆ ಹಾರುತ್ತೆ ನೋಡು, ಅಲ್ಲಿವರೆಗೆ ಬಳಿದರೆ ಸಾಕು” ಎಂದರು ಅತ್ತೆ. ಪಟ್ಟಿಯ ಅಂಚೂ ಕೆಸರಿನ ಕಲೆ ನಿಲ್ಲುವ ಗೆರೆಯೂ ಒಂದೇ ಆಗಿದ್ದವು. ಬಿಳಿ ಗೋಡೆ ಸೆಪ್ಟೆಂಬರಿನವರೆಗೆ ಬಿಳಿಯಾಗಿಯೇ ಉಳಿಯುವುದು ಈ ಪಟ್ಟಿಯಿಂದ.

ಸುಣ್ಣವೆಂದರೆ ಬಿಳಿಯೇ ಆಗಬೇಕೆಂದಿಲ್ಲ. ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಪ್ಪು ಪುಡಿಗಳು ಸುಣ್ಣದ ಕ್ಷಾರಕ್ಕೆ ಕೆಡುವುದಿಲ್ಲ. ನಡುಮನೆಗೆ ನಾನು ಹಳದಿ ಪುಡಿ ಬೆರೆಸಿ ತಿಳಿ ಬೆಣ್ಣೆಯ ಬಣ್ಣ ಮಾಡಿಸುತ್ತೇನೆ. ಶೇಡ್ ಕಾರ್ಡಿನಲ್ಲಿ ಚೆಂದ ಕಾಣುವ ಬೂದು, ಕಡುನೀಲಿಗಳು ಬಯಲುಸೀಮೆಯ ಬಿಸಿಲಿಗೆ ಸರಿ. ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಆಕಾಶವೇ ಬೂದು, ಕಿಟಕಿಯಾಚೆ ಬರೀ ಹಸಿರು ಕತ್ತಲೆ. ಒಳಗೂ ಅದೇ ಬಣ್ಣ ಬಳಿದರೆ ಮಧ್ಯಾಹ್ನಕ್ಕೇ ದೀಪ ಹಾಕಬೇಕು.

ಸುಣ್ಣ, ಬಣ್ಣದ ಪುಡಿ, ಅಂಟು, ಕುಂಚ, ಕೂಲಿ ಎಲ್ಲ ಸೇರಿ ನಮ್ಮ ಮನೆಗೆ 8 ಸಾವಿರ ದಾಟುವುದಿಲ್ಲ. ಅದರಲ್ಲೂ ಹೆಚ್ಚಿನ ಪಾಲು ಕೂಲಿಯದೇ, ಅದು ಊರಿನವರ ಕೈಗೇ ಹೋಗುತ್ತದೆ. ವರ್ಷ ಬಿಟ್ಟು ವರ್ಷ ಹೊಡೆಸಿದರೂ ನಡೆಯುತ್ತದೆ; ಹೊಗೆ ಹಿಡಿಯುವ ಅಡಿಗೆಮನೆಗೆ ಮಾತ್ರ ಪ್ರತಿ ವರ್ಷ ಬೇಕು.

ಯಾವ ತಿಂಗಳು ಎನ್ನುವುದೂ ಹಣದ ಪ್ರಶ್ನೆಯೇ. ಬಣ್ಣದ ಅಂಗಡಿಗಳ ರಿಯಾಯಿತಿ ಬರುವುದು ದಸರಾ, ದೀಪಾವಳಿಗೆ. ಮಲೆನಾಡಿನ ಗೋಡೆ ಆಗ ಪೂರ್ತಿ ನೀರು ಕುಡಿದು ನಿಂತಿರುತ್ತದೆ, ಆಗ ಎಮಲ್ಷನ್ ಹಚ್ಚಿಸಿದರೆ ಉಳಿಸಿದ ರಿಯಾಯಿತಿಗಿಂತ ಕಳೆದುಕೊಳ್ಳುವುದೇ ಹೆಚ್ಚು. ಬಣ್ಣ ಯಾವುದೇ ಇರಲಿ, ಮಾರ್ಚ್ ಏಪ್ರಿಲ್ ಸರಿಯಾದ ಕಾಲ: ಗೋಡೆ ಒಣಗಿರುತ್ತದೆ, ಕಾಫಿ ಕೆಲಸ ಸ್ವಲ್ಪ ಬಿಡುವು ಕೊಟ್ಟಿರುತ್ತದೆ, ಕೈಯಲ್ಲಿ ದುಡ್ಡೂ ಇರುತ್ತದೆ. ದೀಪಾವಳಿಗೆ ಹೊಸ್ತಿಲಿಗೆ ಕೆಮ್ಮಣ್ಣು, ಅಂಗಳಕ್ಕೆ ರಂಗೋಲಿ, ಬಾಗಿಲಿಗೆ ಚೆಂಡುಹೂವಿನ ಮಾಲೆ. ಹಬ್ಬದ ಮನೆಗೆ ಅಷ್ಟು ಸಾಕು.

ನೆಲದ ವಿಷಯದಲ್ಲಿ ನನ್ನದು ಒಂದೇ ಮಾತು. ಹಳೇ ರೆಡ್ ಆಕ್ಸೈಡ್ ನೆಲ ಇದ್ದವರು ಅದರ ಮೇಲೆ ಟೈಲ್ಸ್ ಕೂರಿಸಬೇಡಿ. ಅಂಥ ನೆಲ ಹಾಕುವ ಕೈಗಳೇ ಈಗ ಅಪರೂಪ. ಬಿರುಕು ಬಿಟ್ಟಲ್ಲಿ ಸಿಮೆಂಟಿಗೆ ಆಕ್ಸೈಡ್ ಬೆರೆಸಿ ತುಂಬಿಸಿ, ತೆಂಗಿನೆಣ್ಣೆಯ ಒಂದೆರಡು ಹನಿ ಹಾಕಿದ ಬಟ್ಟೆಯಲ್ಲಿ ಆಗಾಗ ಒರೆಸಿ. ಕೆಂಪು ನೆಲ, ತಿಳಿ ಗೋಡೆ, ಗೇರೆಣ್ಣೆ ಕುಡಿದು ಕಪ್ಪಾದ ಕಂಬ: ದುಡ್ಡು ಕೊಟ್ಟು ಡಿಸೈನರನ್ನು ಕರೆಸಿದರೂ ಇದಕ್ಕಿಂತ ಒಳ್ಳೆಯ ಜೋಡಿ ಹೇಳಲಾರರು. ಹೋಮ್‌ಸ್ಟೇಗೆ ಬರುವವರು ನಿಂತು ಫೋಟೋ ತೆಗೆದುಕೊಳ್ಳುವುದೂ ಇಂಥ ಜಗುಲಿಯಲ್ಲೇ.

ಉಳಿಯುವುದು 7 ಸಾವಿರ. ಇದು ಬಟ್ಟೆಗೆ, ಮರಕ್ಕೆ, ಚಿತ್ರಕ್ಕೆ. ದಪ್ಪ ಪರದೆ ನಮ್ಮ ಮಳೆಗಾಲದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ, ಒಗೆದರೆ ಒಣಗುವುದಿಲ್ಲ. ತೆಳು ಹತ್ತಿಯೇ ಸರಿ. ಅಮ್ಮನ ಹಳೇ ಇಳಕಲ್ ಸೀರೆಯೊಂದು ನಮ್ಮ ಕಿಟಕಿಯಲ್ಲಿದೆ, ಕೆಂಪು ಸೆರಗು ಬೆಳಕಿನ ಕಡೆಗಿದೆ. ಒಂದು ವರ್ಷ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಯಿಂದ ಹಾಸಿಗೆ ಹೊದಿಕೆ ತಂದೆ, ಇನ್ನೊಂದು ವರ್ಷ ನವಲಗುಂದದ ಜಮಖಾನೆ. ವರ್ಷಕ್ಕೆ ಒಂದೇ ವಸ್ತು, ಒಳ್ಳೆಯದು. ಮರು ನಾಟಿಗೆಂದು ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆಗಳೆಲ್ಲ ಒಲೆಗೆ ಹೋಗುತ್ತವೆ. ಆಕಾರ ಇರುವ ಒಂದನ್ನು ತೆಗೆದಿಟ್ಟು ಒಣಗಿಸಿ ಬಡಗಿಗೆ ಕೊಡಿ. ಗಟ್ಟಿ ಮರ, ಟೀಪಾಯಿಯ ಕಾಲಿಗೆ ಹೇಳಿ ಮಾಡಿಸಿದ್ದು. ಗೋಡೆಗೆ ಹಾಕುವ ಚಿತ್ರದ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿ, ಗಾಳಿ ಆಡಿದರೆ ಫೋಟೋ ಬೂಷ್ಟು ಹಿಡಿಯುವುದಿಲ್ಲ.

ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಎಳೆಯುವ ಅವರ ಗೆರೆ ನೋಡಿದರೆ, ಸಾಮಗ್ರಿಗೆ ಬಿಡಿಗಾಸೂ ಬೇಡ, ಬೇಕಾದದ್ದು ಕೈ ಎನ್ನುವುದು ತಿಳಿಯುತ್ತದೆ. ಮನೆಗೆ ಒಂದು ಚಿತ್ತಾರ ಬೇಕೆನಿಸಿದರೆ ಅಚ್ಚು ಹಾಕಿದ ಸ್ಟಿಕ್ಕರು ಅಂಟಿಸಬೇಡಿ. ಆ ಹೆಣ್ಣುಮಕ್ಕಳಿಂದಲೇ ಬರೆಸಿ, ಕೇಳಿದಷ್ಟು ಕೊಡಿ. ಮಿತಿಯಲ್ಲಿ ಮನೆ ಸಿಂಗರಿಸುವುದು ಎಂದರೆ ಕಲಾವಿದೆಯ ಹತ್ತಿರ ಚೌಕಾಸಿ ಮಾಡುವುದಲ್ಲ.

ಅಂಗಳದ ಬಣ್ಣಕ್ಕಂತೂ ದುಡ್ಡೇ ಇಲ್ಲ. ಮೊದಲ ಮಳೆಗೆ ನೆಟ್ಟ ಡೇರೆ ಗೆಡ್ಡೆ ಸುರಿವ ಮಳೆಯಲ್ಲೇ ತಟ್ಟೆಯಗಲದ ಹೂ ಬಿಡುತ್ತದೆ. ಗೆಡ್ಡೆ, ಆಂಥೂರಿಯಂ ಹಿಳ್ಳು, ಕ್ರೋಟನ್ ಕಡ್ಡಿಗಳನ್ನು ನಾವು ಹೆಂಗಸರು ಮದುವೆ ಮನೆಯಿಂದ ಮದುವೆ ಮನೆಗೆ ಚೀಲದಲ್ಲಿ ಹೊತ್ತು ಹಂಚಿಕೊಂಡಿದ್ದೇವೆ. ನರ್ಸರಿಯಲ್ಲಿ ಕುಂಡಕ್ಕೆ ನೂರಾರು ರೂಪಾಯಿ ಕೊಡುವ ಮೊದಲು ಪಕ್ಕದ ಮನೆಯ ಅಂಗಳ ನೋಡಿ, ಬಾಯಿಬಿಟ್ಟು ಕೇಳಿ.

ಈ ಸಲ ಸ್ಪ್ರೇಗೆ ಸುಣ್ಣ ತರುವಾಗ ಒಂದು ಚೀಲ ಹೆಚ್ಚು ಬರೆಸಿ. ಮೊದಲ ವರ್ಷ ಮನೆಯೆಲ್ಲ ಬೇಡ, ಅತ್ಯಂತ ಹೆಚ್ಚು ಶೀತ ಹಿಡಿಯುವ ಒಂದು ಗೋಡೆ ಆರಿಸಿಕೊಳ್ಳಿ, ಕೆರೆಸಿ, ಮೂರು ಕೋಟು ಹೊಡೆಸಿ. ಆಗಸ್ಟಿನಲ್ಲಿ ಆ ಗೋಡೆಯನ್ನೂ ಪಕ್ಕದ ಪೇಂಟು ಗೋಡೆಯನ್ನೂ ನೋಡಿ, ಆಮೇಲೆ ಉಳಿದ ಮನೆಗೆ ಏನು ಹಚ್ಚಬೇಕೆಂದು ತೀರ್ಮಾನಿಸಿ.