ಸೀಡೆಡ್ ಏರಿಯಾದ ಷೇರು: ಕೈ ಸುಟ್ಟ ಮೇಲೆ ಯಾವ ಬಾಗಿಲು ತಟ್ಟಬೇಕು?

ತೆಲುಗು ಸಿನಿಮಾ ವ್ಯಾಪಾರದ ಮಾತು ಕೇಳಿದವರಿಗೆ ‘ಸೀಡೆಡ್’ ಎಂಬ ಪದ ಗೊತ್ತು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಆದೋನಿ, ಅನಂತಪುರ, ಕಡಪದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಬಿಟ್ಟುಕೊಟ್ಟ ಸೀಮೆ ಎಂಬ ಅರ್ಥದಲ್ಲಿ ಇಂಗ್ಲಿಷರು ಇಟ್ಟ ಹೆಸರು ಅದು. 1928ರಲ್ಲಿ ಅದಕ್ಕೆ ರಾಯಲಸೀಮೆ ಎಂದು ಹೆಸರಾಯಿತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದು ಬಳ್ಳಾರಿ ಮೈಸೂರಿಗೆ ಸೇರಿತು. ಸಿನಿಮಾ ಹಂಚಿಕೆದಾರರ ಖಾತೆ ಪುಸ್ತಕದಲ್ಲಿ ಮಾತ್ರ ಈ ಸೀಮೆ ಇವತ್ತಿಗೂ ಸೀಡೆಡ್ಡೇ. ನಿಜಾಮನೂ ಇಲ್ಲ, ಕಂಪನಿಯೂ ಇಲ್ಲ, ಹೆಸರು ಮಾತ್ರ ಬಾಕ್ಸಾಫೀಸಿನಲ್ಲಿ ಓಡುತ್ತಿದೆ.

ಅದಕ್ಕೇ ಆಂಧ್ರದ ಗಡಿಯ ಸಿ. ಬೆಳಗಲ್ಲಿನಿಂದ ಎಮ್ಮಿಗನೂರು, ಆದೋನಿವರೆಗಿನ ಜನಕ್ಕೆ ಏರಿಯಾ ಹಕ್ಕು, ಮಿನಿಮಮ್ ಗ್ಯಾರಂಟಿ, ಅಡ್ವಾನ್ಸ್ ಎಂಬ ಮಾತುಗಳು ಹೊಸತಲ್ಲ. ಆದೋನಿ ಮಾರುಕಟ್ಟೆಯಲ್ಲಿ ಹತ್ತಿ ಮಾರಿದ ದುಡ್ಡು ಕೈಯಲ್ಲಿದೆ ಎಂದುಕೊಳ್ಳಿ. ಫೋನಿಗೆ ಒಂದು ವಿಡಿಯೊ ಬರುತ್ತದೆ: ಸಣ್ಣ ಚಿತ್ರಗಳನ್ನು ಹಂಚುವ ಕಂಪನಿ, ಷೇರಿನ ಬೆಲೆ ಎರಡೋ ಮೂರೋ ರೂಪಾಯಿ, ಮುಂದಿನ ತಿಂಗಳು ದೊಡ್ಡ ಒಪ್ಪಂದ, ಆಮೇಲೆ ಇಪ್ಪತ್ತಾಗುತ್ತದೆ. ಸಿನಿಮಾ ಗೊತ್ತಿದೆ, ಆದ್ದರಿಂದ ಈ ಷೇರೂ ಗೊತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಎಡವುವುದು ಅಲ್ಲೇ.

ಇದು ಬರೀ ಊಹೆಯ ಕಥೆಯಲ್ಲ. 2022ರಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಬಗ್ಗೆ ಯೂಟ್ಯೂಬಿನಲ್ಲಿ ವಿಡಿಯೊಗಳು ಹರಿದಾಡಿದವು. ಅದಾನಿ ಸಮೂಹ ಇದನ್ನು ಕೊಳ್ಳುತ್ತಿದೆ, ಕಂಪನಿ ಟಿವಿಯಿಂದ ಸಿನಿಮಾ ನಿರ್ಮಾಣಕ್ಕೆ ಇಳಿಯುತ್ತಿದೆ, ನಾಲ್ಕು ಭಕ್ತಿ ಚಿತ್ರಗಳಿಗೆ ಅಮೆರಿಕದ ದೊಡ್ಡ ಕಂಪನಿಯೊಂದು 1,100 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದೆ ಎಂದು ಅವು ಹೇಳಿದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. 2,167ರಷ್ಟಿದ್ದ ಸಣ್ಣ ಷೇರುದಾರರ ಸಂಖ್ಯೆ 55,343ಕ್ಕೆ ಏರಿತು. ಇವರೆಲ್ಲ ಕೊಳ್ಳುತ್ತಿದ್ದಾಗ ಪ್ರವರ್ತಕರು ಮತ್ತು ಒಳಗಿನವರು ಮಾರುತ್ತಿದ್ದರು. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2023ರ ಮಾರ್ಚ್ 2ರಂದು ಮಧ್ಯಂತರ ಆದೇಶ ಹೊರಡಿಸಿತು. 2025ರ ಮೇ 29ರ ಅಂತಿಮ ಆದೇಶದಲ್ಲಿ ನಟ ಅರ್ಷದ್ ವಾರ್ಸಿ, ಅವರ ಪತ್ನಿ ಸೇರಿದಂತೆ 59 ಮಂದಿಯನ್ನು ಒಂದರಿಂದ ಐದು ವರ್ಷ ಮಾರುಕಟ್ಟೆಯಿಂದ ಹೊರಗಿಟ್ಟಿತು. ಅಕ್ರಮ ಲಾಭವೆಂದು ಲೆಕ್ಕ ಹಾಕಿದ 58.01 ಕೋಟಿ ರೂಪಾಯಿಯನ್ನು ಶೇ 12ರ ಬಡ್ಡಿ ಸಮೇತ ಕಕ್ಕಬೇಕೆಂದಿತು. ದಂಡ ಬೇರೆ.

ಇದಕ್ಕೂ ಹಿಂದಿನದು ಚೆನ್ನೈನ ಪಿರಮಿಡ್ ಸೈಮಿರಾ. ಚಿತ್ರಮಂದಿರ ನಡೆಸುವುದು, ಚಿತ್ರ ಹಂಚುವುದು ಅದರ ಕಸುಬು. 2008ರ ಡಿಸೆಂಬರಿನಲ್ಲಿ ಸೆಬಿಯ ಹೆಸರಿನಲ್ಲಿ ಒಂದು ಪತ್ರ ಪತ್ರಿಕೆಗಳಿಗೆ ಸಿಕ್ಕಿತು: ಪ್ರವರ್ತಕರು ಷೇರಿಗೆ 250 ರೂಪಾಯಿಯಂತೆ ಸಾರ್ವಜನಿಕರಿಂದ ಕೊಳ್ಳಬೇಕು ಎಂದು. ಷೇರು ಜಿಗಿಯಿತು. ಪತ್ರ ನಕಲಿಯಾಗಿತ್ತು. ಮುಂದಿನ ಏಪ್ರಿಲಿನಲ್ಲಿ ಸೆಬಿ 230 ಮಂದಿಯನ್ನು ಮಾರುಕಟ್ಟೆಯಿಂದ ದೂರವಿಟ್ಟಿತು. ನಿಯಂತ್ರಕರ ಲೆಟರ್‌ಹೆಡ್ಡನ್ನೇ ಸೃಷ್ಟಿಸುವವರಿಗೆ ಒಂದು ವಿಡಿಯೊ ಮಾಡುವುದು ಯಾವ ಮಹಾ ಕೆಲಸ?

ಈಗ ಕಾನೂನಿನ ಮಾತು. ಮೊದಲೇ ಕಹಿ ಸತ್ಯ ಹೇಳಿಬಿಡುತ್ತೇನೆ: ಷೇರಿನ ಬೆಲೆ ಬಿದ್ದು ಆದ ನಷ್ಟವನ್ನು ತುಂಬಿಕೊಡುವ ಕಾನೂನು ನಮ್ಮಲ್ಲಿಲ್ಲ. ಷೇರು ಪೇಟೆಯ ಹೂಡಿಕೆದಾರರ ರಕ್ಷಣಾ ನಿಧಿ ಇರುವುದು ಬ್ರೋಕರ್ ಮುಳುಗಿದಾಗ. ನಿಮ್ಮ ಷೇರು ಮುಳುಗಿದಾಗ ಅಲ್ಲ. ಲೋವರ್ ಸರ್ಕ್ಯೂಟಿನಲ್ಲಿ, ಅಂದರೆ ಆ ದಿನದ ಕೆಳಮಿತಿಯ ಬೆಲೆಯಲ್ಲಿ, ಲಾಕ್ ಆದ ಷೇರಿಗೆ ಕೊಳ್ಳುವವನನ್ನು ಯಾವ ನ್ಯಾಯಾಲಯವೂ ಹುಡುಕಿಕೊಡುವುದಿಲ್ಲ. ಕಾನೂನು ಹಿಡಿಯುವುದು ಸುಳ್ಳನ್ನು, ಮೋಸವನ್ನು, ಅನುಮತಿ ಇಲ್ಲದೆ ಮಾಡಿದ ವ್ಯವಹಾರವನ್ನು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ನಾನು ನಿಜಕ್ಕೂ ಕೊಂಡದ್ದು ಏನು ಎಂದು. ಅದರ ಮೇಲೆ ಯಾವ ಬಾಗಿಲು ಎಂಬುದು ತೀರ್ಮಾನವಾಗುತ್ತದೆ.

ಒಂದು, ಷೇರು ಪೇಟೆಯಲ್ಲಿ ನೋಂದಾಯಿತ ಕಂಪನಿಯ ಷೇರು. ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಕಾಣುತ್ತದೆ. ಇಲ್ಲಿ ಕೊಳ್ಳುವ ಮೊದಲೇ ನಿಮಗೊಂದು ಆಯುಧವಿದೆ, ಬಳಸುವವರು ಕಡಿಮೆ. ದೊಡ್ಡ ಒಪ್ಪಂದವಾದರೆ ಕಂಪನಿ ಅದನ್ನು ಗಂಟೆಗಳ ಲೆಕ್ಕದಲ್ಲಿ, ಹೆಚ್ಚೆಂದರೆ 24 ಗಂಟೆಯೊಳಗೆ ಷೇರು ಪೇಟೆಗೆ ತಿಳಿಸಬೇಕು. ಅದು ಬಿಎಸ್‌ಇಯಂಥ ಷೇರು ಪೇಟೆಯ ಜಾಲತಾಣದಲ್ಲಿ ಕಂಪನಿಯ ಹೆಸರಿನ ಕೆಳಗೆ ಎಲ್ಲರಿಗೂ ಕಾಣುತ್ತದೆ. 1,100 ಕೋಟಿಯ ಒಪ್ಪಂದ ಅಲ್ಲಿಲ್ಲ ಎಂದರೆ ಅದು ವಿಡಿಯೊದಲ್ಲಿ ಮಾತ್ರ ಇದೆ ಎಂದರ್ಥ. ತ್ರೈಮಾಸಿಕ ಮುಗಿದ 21 ದಿನದೊಳಗೆ ಯಾರ ಬಳಿ ಎಷ್ಟು ಷೇರಿದೆ ಎಂಬ ಪಟ್ಟಿಯೂ ಬರುತ್ತದೆ. ಪ್ರವರ್ತಕರ ಪಾಲು ಇಳಿಯುತ್ತಾ, ಸಣ್ಣವರ ಸಂಖ್ಯೆ ಏರುತ್ತಾ ಹೋಗಿದ್ದರೆ ಇನ್ನೇನು ಬೇಕು? ಒಂದು ಎಚ್ಚರ: ಮಾಧ್ಯಮದಲ್ಲಿ ಬಂದ ವದಂತಿಗೆ ಹೌದು-ಅಲ್ಲ ಎಂದು ಉತ್ತರಿಸುವ ಕಡ್ಡಾಯ ಇರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗೆ ಮಾತ್ರ. ಎರಡು-ಮೂರು ರೂಪಾಯಿಯ ಪೆನ್ನಿ ಷೇರಿನ ಕಂಪನಿ ಬಾಯಿ ಮುಚ್ಚಿ ಕೂತರೂ ಆ ನಿಯಮ ಅದನ್ನು ಮುಟ್ಟದು. ವದಂತಿ ಹೆಚ್ಚು ಹಬ್ಬುವ ಜಾಗದಲ್ಲೇ ಈ ಬೇಲಿ ಇಲ್ಲ. ಇದು ನನಗೆ ಸರಿಯೆನಿಸುವುದಿಲ್ಲ, ಆದರೆ ಇವತ್ತಿನ ನಿಯಮ ಹೀಗಿದೆ.

ಟಿಪ್ ಕೊಟ್ಟವರ ನೋಂದಣಿ ಸಂಖ್ಯೆ ಕೇಳುವುದೂ ನಿಮ್ಮ ಹಕ್ಕು. ಹೂಡಿಕೆ ಸಲಹೆಗಾರರದು ಐಎನ್‌ಎ ಎಂದೂ, ರಿಸರ್ಚ್ ಅನಲಿಸ್ಟರದು ಐಎನ್‌ಎಚ್ ಎಂದೂ, ಬ್ರೋಕರ್‌ಗಳದು ಐಎನ್‌ಝಡ್ ಎಂದೂ ಶುರುವಾಗುತ್ತದೆ. ಸಂಖ್ಯೆ ಸಿಕ್ಕಿದರೆ ಅಲ್ಲಿಗೇ ನಂಬಬೇಡಿ, ಸೆಬಿ ಜಾಲತಾಣದಲ್ಲಿ ಹೊಂದಿಸಿ ನೋಡಿ; ಬೇರೆಯವರ ಸಂಖ್ಯೆ ಅಂಟಿಸಿಕೊಂಡವರೂ ಇರುತ್ತಾರೆ. ಇಷ್ಟು ಲಾಭ ಖಚಿತ ಎಂದು ಹೇಳಲು ಇವರಲ್ಲಿ ಯಾರಿಗೂ ಅನುಮತಿಯಿಲ್ಲ.

ಬ್ರೋಕರ್ ನಿಮ್ಮನ್ನು ಕೇಳದೆ ವ್ಯವಹಾರ ಮಾಡಿದ್ದರೆ, ಕೊಂಡ-ಮಾರಿದ ವಿವರವಿರುವ ಕಾಂಟ್ರಾಕ್ಟ್ ನೋಟ್ ಕೊಡದಿದ್ದರೆ, ಕಂಪನಿ ಷೇರುದಾರರಿಗೆ ಕೊಡಬೇಕಾದ್ದನ್ನು ಕೊಡದಿದ್ದರೆ ದಾರಿ ಹೀಗೆ: ಮೊದಲು ಅವರಿಗೇ ಬರಹದಲ್ಲಿ ದೂರು. ಉತ್ತರ ಬರಲಿಲ್ಲ ಅಥವಾ ತೃಪ್ತಿಯಾಗಲಿಲ್ಲ ಎಂದಾದರೆ ಸೆಬಿಯ ಸ್ಕೋರ್ಸ್ ಜಾಲತಾಣ. ಅಲ್ಲಿ ದಾಖಲಾದ ದೂರಿಗೆ ಸಂಸ್ಥೆ 21 ದಿನದೊಳಗೆ ಉತ್ತರಿಸಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮರುಪರಿಶೀಲನೆ ಕೇಳಬಹುದು; ಅದೂ ಸಾಲದಿದ್ದರೆ ಎರಡನೆಯ ಮರುಪರಿಶೀಲನೆಯನ್ನು ಸೆಬಿಯೇ ಮಾಡುತ್ತದೆ. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಡ. ದುಡ್ಡಿನ ತಕರಾರಾದರೆ 2023ರಲ್ಲಿ ಬಂದ ಸ್ಮಾರ್ಟ್ ಒಡಿಆರ್ ವೇದಿಕೆಯಲ್ಲಿ ಮೊದಲು ರಾಜಿ ಸಂಧಾನ, ಬಗೆಹರಿಯದಿದ್ದರೆ ಮಧ್ಯಸ್ಥಗಾರರ ತೀರ್ಪು (ಆರ್ಬಿಟ್ರೇಷನ್), ಎಲ್ಲವೂ ಆನ್‌ಲೈನಿನಲ್ಲಿ. ಗೊಂದಲವಾದರೆ ಸೆಬಿಯ ಉಚಿತ ಸಹಾಯವಾಣಿ 1800 266 7575. ಸೆಬಿಗೆ ಒಪ್ಪಿಸಿದ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ಹಾಗಾಗಿ ಅಲ್ಲಿ ದಾವೆ ಹೂಡಿ ವರ್ಷ ಕಳೆಯುವುದರಲ್ಲಿ ಅರ್ಥವಿಲ್ಲ. ಗ್ರಾಹಕ ಆಯೋಗವೂ ಲಾಭಕ್ಕಾಗಿ ದಿನವೂ ಕೊಂಡು ಮಾರುವವನನ್ನು ಗ್ರಾಹಕ ಎಂದು ಸುಲಭಕ್ಕೆ ಒಪ್ಪುವುದಿಲ್ಲ.

ವಿಡಿಯೊ ಮಾಡಿ ಬೆಲೆ ಏರಿಸಿದ ಗುಂಪಿನ ವಿಷಯ ಬೇರೆ. ಅದು ಸ್ಕೋರ್ಸ್ ದೂರಲ್ಲ, ಮಾರುಕಟ್ಟೆ ಅಕ್ರಮದ ಮಾಹಿತಿ ಎಂದು ಸೆಬಿಗೆ ಪ್ರತ್ಯೇಕವಾಗಿ ಕೊಡಬೇಕಾದದ್ದು. ವಿಡಿಯೊ ಮಾಯವಾಗುವ ಮುನ್ನ ಅದರ ಕೊಂಡಿ, ಸ್ಕ್ರೀನ್‌ಶಾಟ್, ದಿನಾಂಕ ಉಳಿಸಿಕೊಳ್ಳಿ. ವಂಚಕ ವ್ಯವಹಾರಕ್ಕೆ ಸೆಬಿ ಕಾಯಿದೆಯಡಿ 25 ಕೋಟಿ ರೂಪಾಯಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಎರಡರಲ್ಲಿ ಹೆಚ್ಚಿನದರವರೆಗೆ ದಂಡ ಹಾಕಬಹುದು. ಕ್ರಿಮಿನಲ್ ಮೊಕದ್ದಮೆಯಾದರೆ ಹತ್ತು ವರ್ಷದವರೆಗೆ ಜೈಲು. ಕಕ್ಕಿಸಿದ ಹಣ ಸೆಬಿಯ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ ಹೋಗುತ್ತದೆ. ಪೆಟ್ಟು ತಿಂದವರನ್ನು ಗುರುತಿಸಲು ಸಾಧ್ಯವಾದ ಕಡೆ ಅವರಿಗೆ ಹಂಚಲು ಅವಕಾಶವಿದೆ. ಗುರುತಾಗಬೇಕಾದರೆ ಕಾಗದ ಬೇಕು.

ಎರಡನೆಯದು ನಮ್ಮ ಊರುಗಳಿಗೆ ಇನ್ನೂ ಹತ್ತಿರದ್ದು. ಷೇರು ಪೇಟೆಯೇ ಇಲ್ಲ. ಯಾರೋ ಬಂದು, “ಈ ಚಿತ್ರದ ಸೀಡೆಡ್ ಹಕ್ಕು ನಮ್ಮದು, ಐವತ್ತು ಸಾವಿರ ಹಾಕಿ, ಪಾಲು ಕೊಡುತ್ತೇವೆ” ಎನ್ನುತ್ತಾರೆ. ಕೈಗೆ ಬಾಂಡ್ ಪೇಪರ್, ಕೆಲವೊಮ್ಮೆ ‘ಷೇರು ಸರ್ಟಿಫಿಕೇಟ್’. 2013ರ ಕಂಪನಿ ಕಾಯಿದೆಯ 42ನೇ ಕಲಮಿನ ಪ್ರಕಾರ ಕಂಪನಿಯೊಂದು ಖಾಸಗಿಯಾಗಿ ಷೇರು ನೀಡುವುದಾದರೆ ಒಂದು ಆರ್ಥಿಕ ವರ್ಷದಲ್ಲಿ 200 ಜನಕ್ಕಿಂತ ಹೆಚ್ಚು ಮಂದಿಗೆ ನೀಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ನಗದು ತೆಗೆದುಕೊಳ್ಳುವಂತಿಲ್ಲ. ಹಣ ಪಡೆದ 60 ದಿನದೊಳಗೆ ಷೇರು ಕೊಡಬೇಕು. ಇಲ್ಲವಾದರೆ ಮುಂದಿನ 15 ದಿನದೊಳಗೆ ಹಣ ವಾಪಸ್, ಅದೂ ತಪ್ಪಿದರೆ ಶೇ 12ರ ಬಡ್ಡಿ. ನಗದು ಕೇಳಿದರು ಎಂಬ ಒಂದೇ ಕಾರಣಕ್ಕೆ ಎದ್ದು ಬರಬಹುದು. ಪಾಲಲ್ಲ, ತಿಂಗಳ ಬಡ್ಡಿ ಕೊಡುತ್ತೇವೆ ಎಂದು ಊರವರಿಂದೆಲ್ಲ ಹಣ ಎತ್ತಿದರೆ ಅದು ಠೇವಣಿಯಾಗುತ್ತದೆ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯಿದೆಯೊಳಗೆ ಬರುತ್ತದೆ. ಅಗ್ರಿಗೋಲ್ಡ್ ಠೇವಣಿ ಹಗರಣ ನೋಡಿದ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಕಡೆ ಪೊಲೀಸ್ ಠಾಣೆಯಲ್ಲಿ ಒಂದು ಮಾತು ಕೇಳಿಬರುತ್ತದೆ: “ಇದು ಸಿವಿಲ್ ಮ್ಯಾಟರು.” ಅರ್ಧ ನಿಜ. ಚಿತ್ರ ಓಡಲಿಲ್ಲ, ದುಡ್ಡು ಹೋಯಿತು ಎಂಬುದು ಅಪರಾಧವಲ್ಲ; ಸಿನಿಮಾ ಅಂದ ಮೇಲೆ ಸೋಲೂ ಇರುತ್ತದೆ. ಆದರೆ ಇಲ್ಲದ ಹಂಚಿಕೆ ಹಕ್ಕನ್ನು ಇದೆ ಎಂದು ಹೇಳಿ ಹಣ ಪಡೆದದ್ದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ, ಏಳು ವರ್ಷದವರೆಗೆ ಶಿಕ್ಷೆ. ಹಾಗಾಗಿ ದೂರಿನಲ್ಲಿ ‘ನಷ್ಟವಾಯಿತು’ ಎಂದು ಬರೆದು ನಿಲ್ಲಿಸಬೇಡಿ. ಯಾವ ದಿನ, ಯಾರು, ಯಾವ ಸುಳ್ಳು ಹೇಳಿದರು, ಅದನ್ನು ನಂಬಿ ಯಾವ ಖಾತೆಗೆ ಎಷ್ಟು ಹಾಕಿದೆ ಎಂದು ಬರೆಯಿರಿ.

ಮೂರನೆಯದು ಬರೀ ಕಳ್ಳತನ: ನಕಲಿ ಟ್ರೇಡಿಂಗ್ ಆ್ಯಪ್, ವಾಟ್ಸ್ಆ್ಯಪ್ ಗುಂಪು, ಪರದೆಯ ಮೇಲೆ ಮಾತ್ರ ಏರುವ ಲಾಭ. ಇಲ್ಲಿ ಯೋಚಿಸುತ್ತ ಕೂರುವ ಸಮಯವಿಲ್ಲ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಯಾವುದೋ ಖಾತೆಯಲ್ಲಿ ನಿಂತಿದ್ದರೆ ತಡೆಹಿಡಿಯಲು ಸಾಧ್ಯ. ಬೆಳಗಾಗಲಿ ಎಂದು ಕಾದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2025ರ ಅಕ್ಟೋಬರಿನಿಂದ ಸೆಬಿ ನೋಂದಾಯಿತ ಬ್ರೋಕರ್‌ಗಳ ಯುಪಿಐ ವಿಳಾಸದಲ್ಲಿ ‘ವ್ಯಾಲಿಡ್’ ಎಂಬ ಪದ ಸೇರಿದೆ. ಯಾರದೋ ಖಾಸಗಿ ಹೆಸರಿನ ಖಾತೆಗೆ ಹಾಕಿ ಎಂದರೆ ಅದು ಬ್ರೋಕರ್ ಅಲ್ಲ.

ಗಡಿಯವರಾದ ನಮಗೆ ಎರಡು ಮಾತು ಹೆಚ್ಚಿಗೆ ಬೇಕು. ಸಿ. ಬೆಳಗಲ್ ಇರುವುದು ಆಂಧ್ರದಲ್ಲಿ, ತುಂಗಭದ್ರೆಯ ಆಚೆ ದಡ ತೆಲಂಗಾಣ, ಮಂತ್ರಾಲಯದ ಹತ್ತಿರ ಹೊಳೆ ದಾಟಿದರೆ ಕರ್ನಾಟಕ. ದುಡ್ಡು ಕೊಟ್ಟದ್ದು ರಾಯಚೂರಿನಲ್ಲಿ, ಖಾತೆ ಬಳ್ಳಾರಿಯದು, ಮನೆ ಬೆಳಗಲ್ಲಿನಲ್ಲಿ ಎಂದಾಗ “ನಮ್ಮ ಹದ್ದಲ್ಲ” ಎಂದು ಠಾಣೆಯಿಂದ ಠಾಣೆಗೆ ಓಡಾಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎನ್ನುತ್ತದೆ. ಝೀರೋ ಎಫ್‌ಐಆರ್ ಎಂದು ಜನ ಕರೆಯುವುದು ಇದನ್ನೇ. ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಂಡು ಓದಿ ಹೇಳಬೇಕು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಇನ್ನು ಭಾಷೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಷೇರಿನ ಕಾಗದದಲ್ಲಿ ಇಂಗ್ಲಿಷ್ ಎಂಬುದು ಆದೋನಿ ಕಡೆಯ ಕನ್ನಡಿಗರ ಪಾಡು. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದಿದೆ ಎಂಬ ಕಾರಣಕ್ಕೆ ನಿಮ್ಮ ಅರ್ಜಿ ಹಿಂದಿರುಗಿಸುವಂತಿಲ್ಲ. ಕೆಲಸ ಬೇಗ ಆಗಲಿ ಎಂದು ಜೊತೆಗೊಂದು ತೆಲುಗು ಪ್ರತಿ ಇಟ್ಟರೆ ಜಾಣತನ, ಅಷ್ಟೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿಯೊಳಗೆ. ಕರ್ನೂಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ.

ಒಂದು ಸಣ್ಣ ಸಮಾಧಾನವೂ ಇದೆ, ಹೇಳದೆ ಬಿಡಬಾರದು. ಪೆನ್ನಿ ಷೇರನ್ನು ನಷ್ಟಕ್ಕೆ ಮಾರಿದ್ದರೆ, ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರು ಆ ಬಂಡವಾಳ ನಷ್ಟವನ್ನು ಎಂಟು ವರ್ಷದವರೆಗೆ ಮುಂದಿನ ಬಂಡವಾಳ ಲಾಭದಿಂದ ಕಳೆಯಬಹುದು. ಮಾರದೆ ಸುಮ್ಮನೆ ಇಟ್ಟುಕೊಂಡ ಷೇರಿಗೆ ಇದು ಇಲ್ಲ.

ಸ್ಕೋರ್ಸ್ ದೂರಿಗೆ ತೊಂದರೆ ಆದ ದಿನದಿಂದ ಒಂದೇ ವರ್ಷದ ಗಡುವು. ನಿಮ್ಮ ಕಾಂಟ್ರಾಕ್ಟ್ ನೋಟನ್ನು ಇವತ್ತು ರಾತ್ರಿಯೇ ತೆಗೆದು ದಿನಾಂಕ ನೋಡಿ.